ಎಷ್ಟು ಜನರ ಪೀಠ?

ಐದು ವರ್ಷದ ಕಾನೂನು ಪದವಿಯಲ್ಲಿ ನಾನಾಗ ಮೂರನೇ ವರ್ಷ. ಸಾಕ್ಷ್ಯ ಕಾನೂನು ಪಾಠ ಮಾಡುತ್ತಿದ್ದ ಮೇಡಂ ಅರ್ಧ ಪುಟದ ಒಂದು ಸಮಸ್ಯೆ ಕೊಟ್ಟರು. ಅಂಗಡಿಯೊಂದರಲ್ಲಿ ಕಳವಾಗಿದೆ. ಮಾಲೀಕ ಸಿಸಿಟಿವಿ ದೃಶ್ಯವನ್ನು ಪೆನ್‌ಡ್ರೈವ್‌ಗೆ ಹಾಕಿ ಪೊಲೀಸರಿಗೆ ಕೊಟ್ಟಿದ್ದಾನೆ. ಎಫ್‌ಐಆರ್ ದಾಖಲಾದದ್ದು 2024ರ ಜೂನ್ 20ರಂದು. ದೋಷಾರೋಪ ಪಟ್ಟಿಯ ಜೊತೆ ಪೆನ್‌ಡ್ರೈವ್ ಇದೆ, ಆ ನಕಲು ಯಾವ ಉಪಕರಣದಿಂದ ಹೇಗೆ ಬಂತು ಎಂದು ದೃಢೀಕರಿಸುವ ಪ್ರಮಾಣಪತ್ರ ಇಲ್ಲ. ವಿಚಾರಣೆ ಅರ್ಧ ಮುಗಿದಿದೆ. ಪೆನ್‌ಡ್ರೈವನ್ನು ನಿಶಾನೆ ಮಾಡಲು, ಅಂದರೆ ಸಾಕ್ಷ್ಯವಾಗಿ ಗುರುತು ಹಾಕಿಸಲು, ಹೊರಟಾಗ ಆರೋಪಿ ಪರ ವಕೀಲರು ಎದ್ದು ನಿಂತು ತಕರಾರು ತೆಗೆದಿದ್ದಾರೆ. ಸರ್ಕಾರಿ ಅಭಿಯೋಜಕರಿಗೆ ನೆರವಾಗುವಂತೆ ಎರಡು ಪುಟದ ಟಿಪ್ಪಣಿ ಬರೆಯಬೇಕು. ಒಂದು ವಾರ ಸಮಯ.

ಒಂದು ವಾರ ಯಾಕೆ ಬೇಕು ಅನ್ನಿಸಿತು. ಅದೇ ದಿನ ರಾತ್ರಿ ಫೋನಿನಲ್ಲೇ ಹುಡುಕಿದೆ. ಹುಡುಕಿದ ರೀತಿ ನೆನೆದರೆ ಈಗ ನಗು ಬರುತ್ತದೆ: ಪಕ್ಕದ ರೂಮಿನ ಗೆಳೆಯನನ್ನು ಕೇಳುವ ಹಾಗೆ, ‘ಪೆನ್‌ಡ್ರೈವ್ ಸಿಸಿಟಿವಿ ಸಾಕ್ಷಿ ನಡೆಯುತ್ತಾ’ ಅನ್ನುವ ಅರ್ಥದ ಒಂದು ಮುರುಕಲು ಇಂಗ್ಲಿಷ್ ವಾಕ್ಯ. ಆದರೂ ಏನೋ ಸಿಕ್ಕಿತು. ಶಫಿ ಮೊಹಮ್ಮದ್ ವಿರುದ್ಧ ಹಿಮಾಚಲ ಪ್ರದೇಶ ಸರ್ಕಾರ, 2018, ಸುಪ್ರೀಂ ಕೋರ್ಟ್. ಉಪಕರಣ ತನ್ನ ಕೈಯಲ್ಲಿಲ್ಲದ ಪಕ್ಷಗಾರನಿಂದ ಪ್ರಮಾಣಪತ್ರ ಕೇಳಲೇಬೇಕೆಂದಿಲ್ಲ, ನ್ಯಾಯದ ಹಿತಕ್ಕಾಗಿ ಆ ನಿಯಮ ಸಡಿಲಿಸಬಹುದು ಎಂದಿತ್ತು. ಕ್ಯಾಮೆರಾ ಪೊಲೀಸರದ್ದಲ್ಲ, ಅಂಗಡಿಯವನದ್ದು. ನಮ್ಮ ಸಮಸ್ಯೆಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು. ಮರುದಿನವೇ ಬರೆದು, ಎರಡು ಪುಟ ತುಂಬಿಸಿ ತೆಗೆದುಕೊಂಡು ಹೋದೆ.

ಮೇಡಂ ಮೊದಲ ಪುಟದ ಅರ್ಧಕ್ಕೆ ಬಂದು ನಿಂತರು.

“ಎಷ್ಟು ಜನರ ಪೀಠ ಇದು?”

“ಸುಪ್ರೀಂ ಕೋರ್ಟ್ ಮೇಡಂ.”

“ಅದು ಗೊತ್ತು. ಎಷ್ಟು ಜನ ಕೂತಿದ್ದರು ಅಂತ ಕೇಳಿದೆ.”

ನಾನು ನೋಡಿರಲಿಲ್ಲ. ನ್ಯಾಯಮೂರ್ತಿಗಳ ಹೆಸರು ತೀರ್ಪಿನ ನೆತ್ತಿಯ ಮೇಲೇ ಇರುತ್ತದೆ. ನನ್ನ ಕಣ್ಣು ಅದನ್ನು ಹಾರಿ ನೇರ ಬೇಕಾದ ಸಾಲಿಗೆ ಇಳಿದಿತ್ತು. “ಹೋಗಿ ನೋಡ್ಕೊಂಡು ಬಾ. ಹಾಗೇ ಈ ತೀರ್ಪು ಇನ್ನೂ ಇದೆಯೋ ಹೋಗಿದೆಯೋ, ಅದನ್ನೂ ನೋಡು” ಎಂದು ಹಾಳೆ ವಾಪಸ್ ಕೊಟ್ಟರು. ತೀರ್ಪು ‘ಹೋಗುವುದು’, ಅಂದರೆ ಆಮೇಲೆ ಬಂದ ತೀರ್ಪೊಂದು ಅದನ್ನು ತಳ್ಳಿಹಾಕುವುದು, ಏನು ಅಂತ ಪರೀಕ್ಷೆಗೆ ಓದಿದ್ದೆ, ಐದು ಅಂಕದ ಪ್ರಶ್ನೆಯಾಗಿ. ನನ್ನ ಕೈಯಲ್ಲೇ ಒಂದು ಹೋಗಿರುವ ತೀರ್ಪು ಇರಬಹುದು ಅಂತ ಹೊಳೆದಿರಲಿಲ್ಲ.

ನೋಡಿದೆ. ಇಬ್ಬರ ಪೀಠ. ಮತ್ತು ಹೋಗಿತ್ತು.

ಅಲ್ಲಿಂದ ಶುರುವಾದದ್ದು ನಾಲ್ಕು ದಿನದ ಕೆಲಸ. ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಪ್ರತಿ ತೀರ್ಪಿಗೂ ಎರಡು ದಾರಿಗಳಿವೆ: ಈ ತೀರ್ಪು ಯಾವ ತೀರ್ಪುಗಳನ್ನು ಹೆಸರಿಸಿದೆ, ಮತ್ತು ಆಮೇಲೆ ಬಂದ ಯಾವ ತೀರ್ಪುಗಳು ಇದನ್ನು ಹೆಸರಿಸಿವೆ. ಮೊದಲನೆಯದು ಹಿಂದಕ್ಕೆ, ಎರಡನೆಯದು ಮುಂದಕ್ಕೆ. ನಾನು ಅಲ್ಲಿಯವರೆಗೆ ಎರಡನ್ನೂ ಒತ್ತಿರಲಿಲ್ಲ. ಹಿಂದಕ್ಕೆ ಹೋದರೆ 2005ರ ನವಜೋತ್ ಸಂಧು, ಸಂಸತ್ತಿನ ಮೇಲಿನ ದಾಳಿಯ ಪ್ರಕರಣ. ಅಲ್ಲಿ ಕರೆಗಳ ವಿವರದ ಪಟ್ಟಿಯನ್ನು ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ 65ಬಿ ಕೇಳುವ ಪ್ರಮಾಣಪತ್ರ ಇಲ್ಲದೆಯೂ ಒಪ್ಪಿದ್ದರು. ಇಬ್ಬರ ಪೀಠ. 2014ರಲ್ಲಿ ಅನ್ವರ್ ವಿರುದ್ಧ ಬಷೀರ್, ಕೇರಳದ ಒಂದು ಚುನಾವಣಾ ತಕರಾರು. ಪ್ರಚಾರದ ಹಾಡು, ಭಾಷಣ, ಘೋಷಣೆಗಳನ್ನು ಸಿ.ಡಿ.ಗಳಲ್ಲಿ ಹಾಕಿ ಕೋರ್ಟಿಗೆ ಕೊಟ್ಟಿದ್ದರು, ಪ್ರಮಾಣಪತ್ರ ಇರಲಿಲ್ಲ. ಮೂವರ ಪೀಠ ಹೇಳಿತು: ವಿದ್ಯುನ್ಮಾನ ದಾಖಲೆಯ ನಕಲು ಕೊಡುವುದಾದರೆ ಪ್ರಮಾಣಪತ್ರ ಬೇಕೇ ಬೇಕು, ನವಜೋತ್ ಸಂಧು ಈ ಮಟ್ಟಿಗೆ ಸರಿಯಲ್ಲ. 2015ರ ಜನವರಿಯಲ್ಲಿ ತೊಮಾಸೊ ಬ್ರೂನೊ, ವಾರಾಣಸಿಯ ಹೋಟೆಲಿನಲ್ಲಿ ನಡೆದ ಸಾವಿನ ಪ್ರಕರಣ. ಅದೂ ಮೂವರ ಪೀಠ, ಆದರೆ ಧಾಟಿ ಬೇರೆ: ಪ್ರಮಾಣಪತ್ರ ಬೇಕೇ ಬೇಕು ಅನ್ನುವುದಿಲ್ಲ. ಆಮೇಲೆ ನನ್ನ ಶಫಿ ಮೊಹಮ್ಮದ್. ಕೊನೆಗೆ 2020ರ ಜುಲೈ 14ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್, ಮೂವರ ಪೀಠ: ಅನ್ವರ್ ಹೇಳಿದ್ದೇ ಕಾನೂನು, ಶಫಿ ಮೊಹಮ್ಮದ್ ರದ್ದು.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈ ಐದನ್ನೂ ಮೇಲಿಂದ ಕೆಳಕ್ಕೆ ಬರೆದು, ಪಕ್ಕದಲ್ಲಿ ಪೀಠದ ಸಂಖ್ಯೆಗೆ ವೃತ್ತ ಹಾಕಿದೆ. ಎರಡು, ಮೂರು, ಮೂರು, ಎರಡು, ಮೂರು. ಹೀಗೆ ಬರೆದ ಮೇಲೆ ಎಲ್ಲ ಬೇರೆಯೇ ಕಂಡಿತು. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ಕೋರ್ಟುಗಳನ್ನೂ ಕಟ್ಟಿಹಾಕುತ್ತದೆ ಎಂದು ಗಿಳಿಪಾಠ ಒಪ್ಪಿಸುತ್ತಿದ್ದವನಿಗೆ, ಆ ಸುಪ್ರೀಂ ಕೋರ್ಟಿನ ಒಳಗೇ ಮೆಟ್ಟಿಲುಗಳಿವೆ ಅನ್ನುವುದು ಆ ವೃತ್ತಗಳಿಂದ ಕಣ್ಣಿಗೆ ಬಿತ್ತು. ಮೂವರು ಹೇಳಿದ್ದನ್ನು ಇಬ್ಬರು ತಳ್ಳಿಹಾಕುವಂತಿಲ್ಲ. ಹೆಚ್ಚೆಂದರೆ ದೊಡ್ಡ ಪೀಠಕ್ಕೆ ಒಪ್ಪಿಸಬಹುದು.

ಆದರೆ ತೊಮಾಸೊ ಬ್ರೂನೊ? ಅದೂ ಮೂರು, ಅನ್ವರ್ ಕೂಡ ಮೂರು. ಸಮಬಲದ ಎರಡು ಪೀಠಗಳು ಬೇರೆ ಬೇರೆ ದಿಕ್ಕಿಗೆ ಎಳೆದರೆ ಕೆಳಗಿನ ಕೋರ್ಟು ಯಾರ ಮಾತು ಕೇಳಬೇಕು? ಇದಕ್ಕೆ ಅರ್ಧ ದಿನ ಹೋಯಿತು. ಉತ್ತರ ಅರ್ಜುನ್ ಪಂಡಿತ್‌ರಾವ್‌ನಲ್ಲೇ ಇತ್ತು: ನಾಲ್ಕು ತಿಂಗಳ ಹಿಂದಷ್ಟೇ ಬಂದಿದ್ದ ಅನ್ವರ್ ತೀರ್ಪಿನ ಮಾತನ್ನೇ ಎತ್ತದೆ ಬರೆದ ತೀರ್ಪು ಅದು, ಆದ್ದರಿಂದ ‘ಪರ್ ಇನ್‌ಕ್ಯೂರಿಯಂ’. ತನ್ನನ್ನು ಕಟ್ಟಿಹಾಕುವ ಹಿಂದಿನ ತೀರ್ಪನ್ನು ಗಮನಿಸದೆ ಕೊಟ್ಟದ್ದು ಎಂದರ್ಥ. ಮೂವರು ನ್ಯಾಯಮೂರ್ತಿಗಳಿಗೂ ಹೀಗಾಗುತ್ತದೆ ಅಂದಮೇಲೆ ನನ್ನ ಗತಿ ಏನು ಅಂತ ಸ್ವಲ್ಪ ಸಮಾಧಾನವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಇಷ್ಟರಲ್ಲಿ ಹುಡುಕುವ ಮಾತೂ ಬದಲಾಗಿತ್ತು. ನ್ಯಾಯಮೂರ್ತಿಗಳು ‘ಪೆನ್‌ಡ್ರೈವ್ ನಡೆಯುತ್ತಾ’ ಅಂತ ಬರೆಯುವುದಿಲ್ಲ. ‘ವಿದ್ಯುನ್ಮಾನ ದಾಖಲೆ’, ‘ದ್ವಿತೀಯಕ ಸಾಕ್ಷ್ಯ’, ‘ಅಂಗೀಕಾರಾರ್ಹತೆ’ ಅಂತ ಬರೆಯುತ್ತಾರೆ. ನನಗೆ ಬೇಕಾದ ತೀರ್ಪನ್ನು ಬರೆದವರು ಯಾವ ಪದ ಬಳಸಿರಬಹುದು ಅಂತ ಮೊದಲು ಊಹಿಸಿ, ಆ ಪದವನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಬೇಕು. ಆ ಜಾಲತಾಣದಲ್ಲಿ ಎರಡು ಪದ ಜೋಡಿಸುವ ‘ಆ್ಯಂಡ್’ಗೆ ಕೊನೆಯಲ್ಲಿ ಒಂದು ಡಿ ಹೆಚ್ಚಿಗೆ ಹಾಕಬೇಕು, ‘ಆರ್’ಗೆ ಒಂದು ಆರ್, ‘ನಾಟ್’ಗೆ ಒಂದು ಟಿ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಂದೇ ಡಿ ಹಾಕಿ ಹುಡುಕುತ್ತಾ, ಬೇಡದ ತೀರ್ಪುಗಳ ರಾಶಿ ನೋಡಿ ಜಾಲತಾಣವನ್ನೇ ಬೈದುಕೊಂಡಿದ್ದೆ.

ಪದಗಳಿಗಿಂತ ಸಂಖ್ಯೆಗಳು ಹೆಚ್ಚು ಕೈಕೊಡುತ್ತವೆ, ಅದರಲ್ಲೂ ಈಗ. 2024ರ ಜುಲೈ 1ರಿಂದ ಮೂರು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಗೆ ಬಂದ ಮೇಲೆ ಕಲಂಗಳ ನಂಬರು ಪೂರ್ತಿ ಕಲಸಿಹೋಗಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ, ಎಫ್‌ಐಆರ್ ರದ್ದು ಮಾಡಿ ಅಂತ ಕೇಳುವ ಅರ್ಜಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 482 ಅಂದರೆ ನಿರೀಕ್ಷಣಾ ಜಾಮೀನು. ಹಳೆಯದರಲ್ಲಿ ಅದು 438 ಆಗಿತ್ತು. ಹಳೆಯ 482 ಹೊಸದರಲ್ಲಿ 528 ಆಗಿದೆ. ಬರೀ ‘ಕಲಂ 482’ ಅಂತ ಹುಡುಕಿದರೆ ರದ್ದತಿಯೂ ಜಾಮೀನೂ ಒಂದೇ ಬುಟ್ಟಿಗೆ ಬೀಳುತ್ತವೆ. ನನ್ನ ಸಹಪಾಠಿಯೊಬ್ಬ ನಿರೀಕ್ಷಣಾ ಜಾಮೀನಿನ ಮೇಲೆ ಸೆಮಿನಾರ್ ಕೊಡಲು ಹೋಗಿ, ಎಫ್‌ಐಆರ್ ರದ್ದತಿಯ ನಾಲ್ಕು ತೀರ್ಪುಗಳನ್ನು ಬಲು ಜೋರಾಗಿ ವಿವರಿಸಿದ. ಅರ್ಧ ಗಂಟೆ ಯಾರೂ ತಡೆಯಲಿಲ್ಲ. ನಮಗೂ ಗೊತ್ತಾಗಿರಲಿಲ್ಲ.

ಲೈಬ್ರರಿಗೆ ಹೋದದ್ದು ಮೂರನೇ ದಿನ, ಅದೂ ಬೇರೆ ದಾರಿ ಕಾಣದೆ. ಪಠ್ಯಪುಸ್ತಕದ ಅಡಿಟಿಪ್ಪಣಿಯೊಂದರಲ್ಲಿ ಪಕ್ಷಗಾರರ ಹೆಸರಿಲ್ಲದೆ ಬರೀ ‘ಎಐಆರ್ 2015 ಎಸ್‌ಸಿ 180’ ಅಂತ ತೀರ್ಪು ವರದಿಯ ವರ್ಷ, ಪುಟದ ಸಂಖ್ಯೆಯಷ್ಟೇ ಇತ್ತು. ಅನ್ವರ್ 2014ರದ್ದು, ಇದು 2015. ಹಾಗಾದರೆ ಸುಪ್ರೀಂ ಕೋರ್ಟ್ ಮರುವರ್ಷ ಮತ್ತೆ ಅದನ್ನೇ ಹೇಳಿದೆ! ಟಿಪ್ಪಣಿಯಲ್ಲಿ ‘ಈ ನಿಲುವನ್ನು 2015ರಲ್ಲಿ ನ್ಯಾಯಾಲಯ ಪುನರುಚ್ಚರಿಸಿತು’ ಎಂದು ಆಗಲೇ ಬರೆದೂ ಇದ್ದೆ. ಸಂಪುಟ ಕೇಳಿದಾಗ ಲೈಬ್ರರಿಯ ಹಿರಿಯ ಸಹಾಯಕರು ಬೆನ್ನಿನ ಅಕ್ಷರವನ್ನೂ ನೋಡದೆ ಎಳೆದುಕೊಟ್ಟರು. 180ನೇ ಪುಟ ತೆರೆದರೆ ಅದೇ ಅನ್ವರ್, ಅದೇ ಬಷೀರ್. ಎಸ್‌ಸಿಸಿಯಲ್ಲಿ 2014ರ ಹತ್ತನೇ ಸಂಪುಟದ 473ನೇ ಪುಟ, ಎಐಆರ್‌ನಲ್ಲಿ 2015ರ 180ನೇ ಪುಟ. ಒಂದೇ ತೀರ್ಪು ಎರಡು ವರದಿಗಳಲ್ಲಿ ಎರಡು ವರ್ಷದ ಹೆಸರಲ್ಲಿ ಕೂತಿದೆ. ಎಐಆರ್ ಅಂದರೆ ಆಲ್ ಇಂಡಿಯಾ ರಿಪೋರ್ಟರ್, ಎಸ್‌ಸಿಸಿ ಅಂದರೆ 1969ರಿಂದ ಬರುತ್ತಿರುವ ಸುಪ್ರೀಂ ಕೋರ್ಟ್ ಕೇಸಸ್. ಎರಡೂ ಖಾಸಗಿ ಪ್ರಕಾಶಕರವು. ಸುಪ್ರೀಂ ಕೋರ್ಟಿನ ಅಧಿಕೃತ ವರದಿ ಎಸ್‌ಸಿಆರ್. ಅದನ್ನು ಈಗ ಜಾಲದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. 2023ರಿಂದ ಪ್ರತಿ ತೀರ್ಪಿಗೂ ಕೋರ್ಟೇ ‘ಐಎನ್‌ಎಸ್‌ಸಿ’ ಎಂಬ ಸ್ವಂತ ಸಂಖ್ಯೆ ಕೊಡುತ್ತಿರುವುದು ನನ್ನಂಥವರ ಪುಣ್ಯ. ಯಾವ ಪ್ರಕಾಶಕರ ಪುಸ್ತಕವಾದರೂ ನಂಬರು ಒಂದೇ.

ಅವತ್ತು ಲೈಬ್ರರಿಯಲ್ಲಿ ಇನ್ನೊಂದು ವಿಷಯ ಕಲಿತೆ, ಸಹಾಯಕರ ಬಾಯಿಂದ. ನಾನು ಪುಟದ ಮೇಲ್ಭಾಗದ ದಪ್ಪಕ್ಷರದ ಸಾರಾಂಶವನ್ನು ನಕಲು ಮಾಡುತ್ತಿದ್ದೆ. ಅವರು ಹಾದುಹೋಗುತ್ತಾ, “ಅದು ಜಡ್ಜ್ ಬರೆದಿದ್ದಲ್ಲಪ್ಪ, ಪುಸ್ತಕದವರು ಬರೆದಿದ್ದು” ಅಂದರು. ಹೆಡ್‌ನೋಟ್ ತೀರ್ಪಿನ ಭಾಗವಲ್ಲ, ವರದಿಯ ಸಂಪಾದಕರು ಮಾಡಿದ ಸಾರ. ದಾರಿ ತೋರಿಸುತ್ತದೆ, ಸರಿ. ಉಲ್ಲೇಖಿಸುವುದಕ್ಕೆ ಮಾತ್ರ ತೀರ್ಪಿನ ಒಳಕ್ಕೇ ಇಳಿಯಬೇಕು. ಎರಡೂವರೆ ವರ್ಷದಿಂದ ನಾನು ತೀರ್ಪು ಅಂತ ಓದುತ್ತಿದ್ದದ್ದು ಹೆಚ್ಚಿನ ಪಾಲು ಹೆಡ್‌ನೋಟ್‌ಗಳನ್ನೇ.

ಒಳಗೆ ಇಳಿದರೂ ಕಾಲು ಜಾರುವುದು ತಪ್ಪಲಿಲ್ಲ. ಇದು ಆ ಟಿಪ್ಪಣಿಗೆ ಸ್ವಲ್ಪ ಮುಂಚಿನ ಕಥೆ. ಬೇರೊಂದು ಅಸೈನ್‌ಮೆಂಟಿನಲ್ಲಿ ನಾನು ‘ನ್ಯಾಯಾಲಯ ಹೀಗೆ ಹೇಳಿದೆ’ ಎಂದು ಸೊಗಸಾದ ಎರಡು ಸಾಲು ಎತ್ತಿ ಬರೆದಿದ್ದೆ. ಅದು ನ್ಯಾಯಾಲಯದ ಮಾತಾಗಿರಲಿಲ್ಲ, ವಕೀಲರ ವಾದ. ಸೋತ ಪಕ್ಷದ ವಕೀಲರದ್ದು ಬೇರೆ. ಹೀಗೆ ಯಾಕಾಯಿತು ಅಂತ ಯೋಚಿಸಿದಾಗ ಒಂದು ತಮಾಷೆ ಹೊಳೆಯಿತು. ನಾನು ಹನ್ನೆರಡನೆಯ ತರಗತಿವರೆಗೆ ಕನ್ನಡದಲ್ಲೇ ಓದಿದವನು. ಕನ್ನಡದ ವಾಕ್ಯದಲ್ಲಿ ‘ಎಂದು ವಾದಿಸಿದರು’ ಅನ್ನುವುದು ಕೊನೆಗೆ ಬರುತ್ತದೆ. ಇದು ಯಾರ ಮಾತು ಅಂತ ತಿಳಿಯದೆ ವಾಕ್ಯ ಮುಗಿಯುವುದೇ ಇಲ್ಲ. ಇಂಗ್ಲಿಷ್ ತೀರ್ಪಿನಲ್ಲಿ ‘ವಕೀಲರು ನಿವೇದಿಸಿದ್ದೇನೆಂದರೆ’ ಅನ್ನುವುದು ಎಲ್ಲೋ ಮೊದಲಿಗೆ ಒಂದು ಸಲ ಬಂದು, ಆಮೇಲೆ ಮೂರು ಪುಟ ಆ ವಾದವೇ ಓಡುತ್ತದೆ. ನಡುವಿನಿಂದ ಓದಲು ಶುರು ಮಾಡಿದವನಿಗೆ, ಅಂದರೆ ಹುಡುಕಿದ ಪದದ ಹಳದಿ ಗುರುತಿಗೇ ನೇರ ಜಿಗಿದವನಿಗೆ, ಎಲ್ಲವೂ ನ್ಯಾಯಮೂರ್ತಿಯದೇ ದನಿ. ಅಂದಿನಿಂದ ಒಂದು ಅಭ್ಯಾಸ ಇಟ್ಟುಕೊಂಡೆ: ಉಲ್ಲೇಖಿಸಬೇಕಾದ ಪ್ಯಾರಾವನ್ನು ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದುಕೊಳ್ಳುವುದು. ಕೊನೆಯ ಕ್ರಿಯಾಪದ ಹಾಕಲು ಹೋದಾಗ ‘ಎಂದು ತೀರ್ಮಾನಿಸಿದೆ’ಯೋ ‘ಎಂದು ವಾದಿಸಿದರು’ವೋ ಅಂತ ಹಿಂದಕ್ಕೆ ಹೋಗಿ ನೋಡಲೇಬೇಕಾಗುತ್ತದೆ. ಕನ್ನಡ ಮಾಧ್ಯಮದವನು ಅಂತ ಮೊದಲ ವರ್ಷ ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕೂತಿದ್ದವನಿಗೆ ಅದೇ ಕನ್ನಡ ಹೀಗೆ ಕೈ ಹಿಡಿಯಿತು.

ನಾಲ್ಕನೇ ದಿನ ಐದು ವೃತ್ತಗಳ ಸಮೇತ ಮೇಡಂ ಹತ್ತಿರ ಹೋದೆ. ಈ ಸಲ ನನಗೆ ನಂಬಿಕೆಯಿತ್ತು. ಹೊಸ ಕಾಯ್ದೆಯೂ ಗೊತ್ತಿದೆ ಅಂತ ತೋರಿಸಲು ಎಲ್ಲ ಕಡೆ, ಹಳೆಯ 65ಬಿಯ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63 ಅಂತ ಬರೆದು, ಆ ಪ್ರಮಾಣಪತ್ರದ ಎರಡು ಭಾಗಗಳು, ‘ಎ’ ಪಕ್ಷಗಾರ ತುಂಬುವುದು, ‘ಬಿ’ ತಜ್ಞ ತುಂಬುವುದು, ಕಡತದ ಡಿಜಿಟಲ್ ಬೆರಳಚ್ಚಿನಂಥ ಹ್ಯಾಶ್ ಮೌಲ್ಯ ನಮೂದಿಸುವುದು, ಎಲ್ಲ ವಿವರಿಸಿದ್ದೆ.

ಮೇಡಂ ವೃತ್ತಗಳನ್ನು ನೋಡಿ ತಲೆಯಾಡಿಸಿದರು. ಆಮೇಲೆ, “ಯಾವ ಕಾಯ್ದೆ?” ಅಂದರು.

“ಹೊಸದು ಮೇಡಂ. ಜುಲೈ 1ರಿಂದ.”

“ಎಫ್‌ಐಆರ್ ಯಾವತ್ತು?”

ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. ಜೂನ್ 20. ಆ ದಿನಾಂಕವನ್ನು ಕನಿಷ್ಠ ಇಪ್ಪತ್ತು ಸಲ ಓದಿದ್ದೆ, ಒಂದು ಸಲವೂ ಕಂಡಿರಲಿಲ್ಲ. ಹೊಸ ಅಧಿನಿಯಮದ ಕೊನೆಯ ಕಲಂ, 170, ಹೇಳುವುದು ಇದನ್ನೇ: ಇದು ಜಾರಿಗೆ ಬರುವ ಮುನ್ನವೇ ಬಾಕಿಯಿದ್ದ ತನಿಖೆ, ವಿಚಾರಣೆ, ಮೇಲ್ಮನವಿಗಳು 1872ರ ಹಳೆಯ ಕಾಯ್ದೆಯಂತೆಯೇ ನಡೆಯಬೇಕು. ಜೂನ್ 20ಕ್ಕೆ ಎಫ್‌ಐಆರ್ ಆಗಿದೆ, ಜುಲೈ 1ಕ್ಕೆ ತನಿಖೆ ಬಾಕಿಯಿದೆ. ಹಾಗಾಗಿ ಹಳೆಯ 65ಬಿಯೇ. ಬೇರ್ ಆಕ್ಟನ್ನು, ಅಂದರೆ ವ್ಯಾಖ್ಯಾನವಿಲ್ಲದ ಬರೀ ಕಾಯ್ದೆಯ ಪುಸ್ತಕವನ್ನು, ಮೊದಲ ಪುಟದಿಂದ ಓದುವ ಎಲ್ಲರೂ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ. ರದ್ದತಿ ಮತ್ತು ಉಳಿಕೆಯ ಕಲಂ ಇರುವುದು ಅಲ್ಲಿಯೇ. ನಾನು ಈಗ ಯಾವ ಕಾಯ್ದೆ ತೆಗೆದರೂ ಮೊದಲು ಕೊನೆಯ ಪುಟ ನೋಡುತ್ತೇನೆ. ಪತ್ತೇದಾರಿ ಕಾದಂಬರಿ ಓದುವವರಿಗೆ ಇದು ಪಾಪದ ಕೆಲಸ, ಇಲ್ಲಿ ಹಾಗಲ್ಲ.

ಇನ್ನೂ ಒಂದು ಪೆಟ್ಟು ಬಾಕಿಯಿತ್ತು. “ಸರಿ, ಪ್ರಮಾಣಪತ್ರ ಬೇಕು ಅಂತಾಯ್ತು. ಇಲ್ಲ. ನೀನು ಅಭಿಯೋಜಕರ ಕಡೆಯವನು. ಅವರು ಈಗ ಏನು ಮಾಡಬೇಕು? ಸೋತೆವು ಅಂತ ಮನೆಗೆ ಹೋಗಬೇಕಾ?” ಇದಕ್ಕೆ ನನ್ನ ಎರಡು ಪುಟದಲ್ಲಿ ಉತ್ತರವೇ ಇರಲಿಲ್ಲ. ಬೇಕೋ ಬೇಡವೋ ಅನ್ನುವುದರಲ್ಲೇ ನಾಲ್ಕು ದಿನ ಕಳೆದಿದ್ದೆ. ಮೊದಲು ‘ಬೇಡ’ ಅನ್ನುವ ತೀರ್ಪು ಸಿಕ್ಕಿದ್ದಕ್ಕೆ ಹಿಗ್ಗಿದ್ದೆ, ಆಮೇಲೆ ‘ಬೇಕು’ ಅನ್ನುವುದು ಸಾಬೀತಾದದ್ದಕ್ಕೆ ಹಿಗ್ಗಿದ್ದೆ. ಕೇಸು ನಡೆಸುವವನಿಗೆ ಎರಡರಿಂದಲೂ ಪ್ರಯೋಜನವಿಲ್ಲ.

ಅವತ್ತು ರಾತ್ರಿ ಅರ್ಜುನ್ ಪಂಡಿತ್‌ರಾವ್ ತೀರ್ಪನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದೆ. ಹುಡುಕು ಗುಂಡಿ ಒತ್ತಲಿಲ್ಲ. ಅದೂ ಚುನಾವಣೆಯದ್ದೇ ಜಗಳ: ನಾಮಪತ್ರ ಸಮಯದೊಳಗೆ ಸಲ್ಲಿಕೆಯಾಯಿತೋ ಇಲ್ಲವೋ ಎನ್ನುವುದಕ್ಕೆ ಚುನಾವಣಾಧಿಕಾರಿಯ ಕಚೇರಿಯ ವಿಡಿಯೊ. ಪ್ರಮಾಣಪತ್ರ ಕೊಡಿ ಅಂತ ಎಷ್ಟು ಕೇಳಿದರೂ ಅಧಿಕಾರಿಗಳು ಕೊಟ್ಟಿರಲಿಲ್ಲ. ಅಂಥಲ್ಲಿ ಏನು ಮಾಡಬೇಕು ಅಂತ ನ್ಯಾಯಾಲಯ ಬಿಡಿಸಿ ಹೇಳಿದೆ. ಅಸಲಿ ಉಪಕರಣವನ್ನೇ ಕೋರ್ಟಿಗೆ ತಂದು, ಅದರ ಮಾಲೀಕ ಸಾಕ್ಷಿ ಕಟ್ಟೆ ಹತ್ತಿ ಇದು ನನ್ನದು ಎಂದು ನುಡಿದರೆ ಪ್ರಮಾಣಪತ್ರದ ಮಾತೇ ಇಲ್ಲ. ಅದು ಆಗದಿದ್ದರೆ ಪ್ರಮಾಣಪತ್ರ ಕೇಳಬೇಕು, ಕೊಡದವರಿಗೆ ಕೋರ್ಟಿನ ಮೂಲಕ ಸಮನ್ಸ್ ಕಳಿಸಬಹುದು. ಮತ್ತು, ನನಗೆ ಬೇಕಾದದ್ದು ಇದು, ಕ್ರಿಮಿನಲ್ ಪ್ರಕರಣದಲ್ಲಿ ವಿಚಾರಣೆ ಮುಗಿಯುವ ಮುನ್ನ ಯಾವುದೇ ಹಂತದಲ್ಲಿ ಅದನ್ನು ಹಾಜರುಪಡಿಸಲು ನ್ಯಾಯಾಧೀಶರು ಅವಕಾಶ ಕೊಡಬಹುದು, ಆರೋಪಿಗೆ ಅನ್ಯಾಯವಾಗದಂತೆ ನೋಡಿಕೊಂಡು.

ಆ ತೀರ್ಪನ್ನು ಆಮೇಲೆ ಯಾರು ಹೆಸರಿಸಿದ್ದಾರೆ ಅಂತ ಮುಂದಕ್ಕೆ ಹೋದೆ, ಹೊಸದು ಮೊದಲು ಬರುವಂತೆ ಜೋಡಿಸಿ. 2023ರ ಕರ್ನಾಟಕ ಸರ್ಕಾರ ವಿರುದ್ಧ ಟಿ. ನಸೀರ್ ಸಿಕ್ಕಿತು. 2008ರ ಬೆಂಗಳೂರು ಸರಣಿ ಸ್ಫೋಟದ ಪ್ರಕರಣ. ತಡವಾಗಿ ಬಂದ 65ಬಿ ಪ್ರಮಾಣಪತ್ರವನ್ನು ಕೆಳಗಿನ ಕೋರ್ಟುಗಳು ಬೇಡ ಅಂದಿದ್ದವು. ವಿಚಾರಣೆ ಇನ್ನೂ ಮುಗಿದಿಲ್ಲ, ತರಲಿ ಎಂದಿತು ಸುಪ್ರೀಂ ಕೋರ್ಟ್. ನನ್ನ ಅಂಗಡಿಯ ಮಾಲೀಕ ಇನ್ನೂ ಇದ್ದಾನೆ, ಪೊಲೀಸರ ಕಡೆಯೇ ಇದ್ದಾನೆ, ವಿಚಾರಣೆ ಅರ್ಧಕ್ಕಿದೆ. ಒಂದು ಅರ್ಜಿ ಹಾಕಿ ಅವನಿಂದ ಪ್ರಮಾಣಪತ್ರ ತರಿಸಿದರಾಯಿತು. ಇಷ್ಟೇ. ಎರಡು ಪುಟ ಒಂದೂಕಾಲು ಪುಟಕ್ಕೆ ಇಳಿಯಿತು.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದಕ್ಕೂ ಆ ರಾತ್ರಿಯೇ ಒಂದು ಗುರುತು ಸಿಕ್ಕಿತು. ಇನ್ನೂ ಇಪ್ಪತ್ತು ತೀರ್ಪು ತೆರೆದೆ. ಎಲ್ಲದರಲ್ಲೂ ಅದೇ ಅನ್ವರ್, ಅದೇ ಶಫಿ, ಅದೇ ಅರ್ಜುನ್ ಪಂಡಿತ್‌ರಾವ್. ಹೊಸ ಹೆಸರು ಬರುವುದು ನಿಂತಾಗ ಮುಚ್ಚಿ ಮಲಗಿದೆ.

ಚಾಟ್‌ಬಾಟನ್ನು ಕೇಳಲಿಲ್ಲವೇ ಅಂತ ನೀವು ಕೇಳಬಹುದು. ಕೇಳಿದ್ದೆ, ಎರಡನೇ ದಿನ. ಮೂರು ತೀರ್ಪು ಕೊಟ್ಟಿತು, ಸಂಪುಟ ಪುಟ ಸಮೇತ. ಒಂದು ನಿಜವಾದದ್ದು. ಇನ್ನೊಂದರ ಪುಟ ತೆರೆದರೆ ಜಮೀನಿನ ವ್ಯಾಜ್ಯ. ಮೂರನೆಯದು ಎಲ್ಲೂ ಇಲ್ಲ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟಿನಲ್ಲಿ ಹೀಗೆ ಹುಟ್ಟಿದ ಆರು ಇಲ್ಲದ ತೀರ್ಪುಗಳನ್ನು ಸಲ್ಲಿಸಿದ ವಕೀಲರಿಗೆ 5,000 ಡಾಲರ್ ದಂಡ ಬಿದ್ದದ್ದು, ಮಾಟಾ ವಿರುದ್ಧ ಏವಿಯಾಂಕಾ ಪ್ರಕರಣ, ಆಗಲೇ ತರಗತಿಯಲ್ಲಿ ಕೇಳಿದ್ದೆ. ಹಾಗಾಗಿ ಬಚಾವಾದೆ. ಈಗಲೂ ಕೇಳುತ್ತೇನೆ, ಆದರೆ ತೀರ್ಪನ್ನಲ್ಲ, ಪದಗಳನ್ನು: ಈ ವಿಷಯಕ್ಕೆ ಕಾನೂನಿನ ಭಾಷೆಯಲ್ಲಿ ಏನೇನು ಹೆಸರಿವೆ ಅಂತ. ಅದಕ್ಕೆ ಅದು ಒಳ್ಳೆಯ ಸಂಗಾತಿ.

ಏಳನೇ ದಿನ ಟಿಪ್ಪಣಿ ಕೊಟ್ಟೆ. ಮೇಡಂ ಪೂರ್ತಿ ಓದಿ, ಕೆಂಪು ಪೆನ್ನಿನಲ್ಲಿ ಒಂದೇ ಕಡೆ ಗೆರೆ ಎಳೆದರು. ಅರ್ಜುನ್ ಪಂಡಿತ್‌ರಾವ್‌ನ ಕೊನೆಯ ತೀರ್ಮಾನಕ್ಕೆ ನಾನು ಕೊಟ್ಟಿದ್ದ ಪ್ಯಾರಾ ಸಂಖ್ಯೆಯ ಕೆಳಗೆ. “ಇದು ಒಂದು ಹೆಚ್ಚು ಕಡಿಮೆ ಇದೆ” ಅಂದರು. ನನ್ನ ಫೋನಿನಲ್ಲಿದ್ದ ಪಿಡಿಎಫ್ ತೆಗೆದು ತೋರಿಸಿದೆ, ಸರಿಯಾಗೇ ಇತ್ತು. ಅವರು ಮೇಜಿನ ಮೇಲಿದ್ದ ಎಸ್‌ಸಿಸಿ ಸಂಪುಟ ತಿರುಗಿಸಿ ತೋರಿಸಿದರು, ಅದೂ ಸರಿಯಾಗೇ ಇತ್ತು. ಕೋರ್ಟಿನ ಪ್ರತಿಯಲ್ಲಿ ಒಂದು ಸಂಖ್ಯೆ, ಮುದ್ರಿತ ವರದಿಯಲ್ಲಿ ಇನ್ನೊಂದು. ನಾನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದದ್ದು ಎಸ್‌ಸಿಸಿ ಪುಟ, ಪ್ಯಾರಾ ಮಾತ್ರ ಪಿಡಿಎಫ್‌ನದ್ದು. ಸಂಪುಟ ಎತ್ತಿಕೊಂಡು ಹೊರಗಿನ ಬೆಂಚಿನಲ್ಲಿ ಕೂತು, ಒಂದೊಂದೇ ಉಲ್ಲೇಖವನ್ನು ಬೆರಳಿಟ್ಟು ಮತ್ತೆ ತಾಳೆ ನೋಡತೊಡಗಿದೆ. ಅನ್ವರ್‌ನದ್ದು ಸರಿಯಿತ್ತು.